ಐಸ್‌ಲ್ಯಾಂಡ್‌ಗೆ ಹೋಗುವ ಮುನ್ನ: ಜ್ವಾಲಾಮುಖಿಗಿಂತ ಬಾಡಿಗೆಯ ಚಿಂತೆ ದೊಡ್ಡದು

ಪ್ರಶ್ನೆ: ನಮ್ಮದು ಹುಬ್ಬಳ್ಳಿ. ನಾನು ಇಲ್ಲಿ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ನಮ್ಮ ಯಜಮಾನರು ಸಾಫ್ಟ್‌ವೇರ್ ಎಂಜಿನಿಯರ್. ಅವರಿಗೆ ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ನಲ್ಲಿರುವ ಕಂಪನಿಯೊಂದರಿಂದ ಆಫರ್ ಬಂದಿದೆ. ತಿಂಗಳಿಗೆ ಒಂಬತ್ತೂವರೆ ಲಕ್ಷ ಕ್ರೋನಾ ಸಂಬಳ. ನಮಗೆ ಐದು ವರ್ಷದ ಮಗಳಿದ್ದಾಳೆ. ಅತ್ತೆಯವರಿಗೆ ಒಂದೇ ಭಯ, "ಅಲ್ಲಿ ದಿನಾ ಜ್ವಾಲಾಮುಖಿ ಉಕ್ಕುತ್ತದಂತೆ, ಆರು ತಿಂಗಳು ಕತ್ತಲೆಯಂತೆ" ಅಂತ. ಯೂಟ್ಯೂಬ್ ನೋಡಿದರೆ ಅದು ಸ್ವರ್ಗ. ವಾರಕ್ಕೆ ನಾಲ್ಕೇ ದಿನ ಕೆಲಸ, ಆಸ್ಪತ್ರೆ, ಶಾಲೆ ಎಲ್ಲ ಫ್ರೀ ಎನ್ನುತ್ತಾರೆ. 2008ರಲ್ಲಿ ಆ ದೇಶವೇ ದಿವಾಳಿಯಾಗಿತ್ತು ಅಂತಲೂ ಓದಿದೆ. ಅಷ್ಟು ಸಣ್ಣ ದೇಶವನ್ನು ನಂಬಿ ಇಲ್ಲಿನ ಕೆಲಸ ಬಿಡಬಹುದೇ? ಜನ ನಮ್ಮಂಥವರನ್ನು ಸೇರಿಸಿಕೊಳ್ಳುತ್ತಾರಾ? ನನಗೂ ಅಲ್ಲಿ ಕೆಲಸ ಸಿಗಬಹುದಾ? ಇನ್ನೊಂದು ವಿಷಯ. ಆರು ಲಕ್ಷ ರೂಪಾಯಿ ಕೊಟ್ಟರೆ ನನ್ನ ಮೈದುನನಿಗೂ ಅಲ್ಲಿನ ಮೀನು ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸುತ್ತೇನೆ ಎಂದು ಒಬ್ಬ ಏಜೆಂಟ್ ಹೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಏಜೆಂಟ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಉಳಿದ ಪತ್ರದಲ್ಲಿ ನಿಮ್ಮ ಮನೆಯವರ ಭಯವೆಲ್ಲ ಬೆಂಕಿ, ಕತ್ತಲೆ, ದಿವಾಳಿ ಇವುಗಳ ಸುತ್ತ ಇದೆ. ನಾರ್ಡಿಕ್ ದೇಶಗಳಿಗೆ ಹೋಗುವ ಕುಟುಂಬಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಲಾವಾಕ್ಕೆ ಹೆದರಿ ಐಸ್‌ಲ್ಯಾಂಡ್‌ನಿಂದ ವಾಪಸ್ ಬಂದ ಕುಟುಂಬವನ್ನು ನಾನು ನೋಡಿಲ್ಲ. ಬಾಡಿಗೆ ತಾಳದೆ ಬಂದವರಿದ್ದಾರೆ. ಗಂಡನಿಗೆ ಕೆಲಸ ಇದ್ದೂ ಹೆಂಡತಿ ಎರಡು ಚಳಿಗಾಲ ಮನೆಯಲ್ಲೇ ಕೂತು ಬೇಸತ್ತು ಬಂದವರಿದ್ದಾರೆ. ಕಂಪನಿ ಮುಚ್ಚಿ, ಪರವಾನಗಿ ತೊಡಕಾಗಿ ಬಂದವರೂ ಇದ್ದಾರೆ. ಇದಕ್ಕೆಲ್ಲ ಮೂಲ ಒಂದೇ. ಅದು ತೀರಾ ಸಣ್ಣ ದೇಶ. ಅಲ್ಲಿನ ಒಳ್ಳೆಯದು, ಕೆಟ್ಟದು ಎರಡೂ ಈ ಸಣ್ಣತನದಿಂದಲೇ ಬಂದದ್ದು.

ಎಷ್ಟು ಸಣ್ಣದು ಎಂದರೆ, ಇಡೀ ದೇಶದ ಜನಸಂಖ್ಯೆ ನಾಲ್ಕು ಲಕ್ಷಕ್ಕಿಂತ ಕಡಿಮೆ. ನಿಮ್ಮ ಹುಬ್ಬಳ್ಳಿ-ಧಾರವಾಡದ ಅರ್ಧದಷ್ಟೂ ಇಲ್ಲ. ನೆಲ ಮಾತ್ರ ಒಂದು ಲಕ್ಷ ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಂದರೆ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು. ಒಳನಾಡಿನಲ್ಲಿ ಹಿಮನದಿ, ಕಪ್ಪು ಮರಳು, ಲಾವಾ ಬಂಡೆ. ಜನ ಇರುವುದು ಹೆಚ್ಚಾಗಿ ಕರಾವಳಿಯಲ್ಲಿ. ಅವರಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ರೇಕ್ಯಾವಿಕ್ ಮತ್ತು ಅದರ ಸುತ್ತಲಿನ ಊರುಗಳಲ್ಲಿದ್ದಾರೆ.

ಅತ್ತೆಯವರ ಭಯಕ್ಕೆ ಬರೋಣ. ಅದು ಪೂರ್ತಿ ಸುಳ್ಳೇನಲ್ಲ. ರೇಕ್ಯಾನೆಸ್ ಪರ್ಯಾಯ ದ್ವೀಪ ಸುಮಾರು 800 ವರ್ಷ ಸುಮ್ಮನಿತ್ತು. 2021ರಲ್ಲಿ ಅಲ್ಲಿ ಮತ್ತೆ ಲಾವಾ ಬಂತು. 2023ರ ನವೆಂಬರ್‌ನಲ್ಲಿ ಗ್ರಿಂಡಾವಿಕ್ ಎಂಬ ಮೀನುಗಾರರ ಊರನ್ನು ರಾತ್ರೋರಾತ್ರಿ ಖಾಲಿ ಮಾಡಿಸಿದರು. ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಮರು ಜನವರಿಯಲ್ಲಿ ಲಾವಾ ಊರಿನ ಅಂಚಿಗೆ ನುಗ್ಗಿ ಕೆಲವು ಮನೆಗಳನ್ನು ಸುಟ್ಟಿತು. ಅಲ್ಲಿನ ಬಹುಪಾಲು ಮನೆಗಳನ್ನು ಸರ್ಕಾರದ ಕಂಪನಿಯೊಂದು ಕೊಂಡುಕೊಂಡಿತು. ಆ ಜನ ಇವತ್ತು ಬೇರೆ ಬೇರೆ ಊರಲ್ಲಿ ಚದುರಿದ್ದಾರೆ.

ಆದರೆ ಗ್ರಿಂಡಾವಿಕ್‌ಗೂ ರೇಕ್ಯಾವಿಕ್‌ಗೂ ಸುಮಾರು 40 ಕಿಲೋಮೀಟರ್ ದೂರ. ಅಲ್ಲಿ ಉಕ್ಕಿದ್ದು ಹೆಚ್ಚಾಗಿ ನೆಲದ ಬಿರುಕಿನಿಂದ ಹರಿಯುವ ಲಾವಾ, ಆಕಾಶಕ್ಕೆ ಬೂದಿ ಚಿಮ್ಮಿಸುವ ಬಗೆಯಲ್ಲ. ಹಾಗಾಗಿ ವಿಮಾನಗಳೂ ಸಾಮಾನ್ಯವಾಗಿ ನಿಲ್ಲಲಿಲ್ಲ. 2010ರಲ್ಲಿ ಯುರೋಪಿನ ವಿಮಾನಗಳನ್ನೆಲ್ಲ ಕೆಳಗಿಳಿಸಿದ ಐಯಾಫ್ಯಾಟ್ಲಾಯೋಕುಲ್ ಎಂಬ ಜ್ವಾಲಾಮುಖಿ ಬೇರೆ ಜಾತಿಯದು. (ಆ ಹೆಸರನ್ನು ಟಿವಿಯವರು ಆಗ ಹೇಗೆಲ್ಲ ತಿರುಚಿದರು ಎಂಬುದು ಅಲ್ಲಿನವರಿಗೆ ಇನ್ನೂ ತಮಾಷೆ.) ರೇಕ್ಯಾವಿಕ್‌ನಲ್ಲಿದ್ದವರಿಗೆ ಇದರ ಬಿಸಿ ತಟ್ಟುವುದು ಬೇರೆ ರೀತಿ. ಕೆಲವು ದಿನ ಗಾಳಿಯಲ್ಲಿ ಗಂಧಕದ ಹೊಗೆ ಇರುತ್ತದೆ. 2024ರ ಫೆಬ್ರವರಿಯಲ್ಲಿ ಲಾವಾ ಬಿಸಿನೀರಿನ ಕೊಳವೆಯನ್ನು ಒಡೆದು, ಪರ್ಯಾಯ ದ್ವೀಪದ ಊರುಗಳ ಸಾವಿರಾರು ಮನೆಗಳಿಗೆ ಚಳಿಯಲ್ಲಿ ಬಿಸಿನೀರೇ ಇರಲಿಲ್ಲ. ಈ ತೊಂದರೆ ನಿಜ. ಪ್ರಾಣಭಯದ ಲೆಕ್ಕ ಹಾಕಿದರೆ ಮಾತ್ರ, ನೀವು ದಿನಾ ಹುಬ್ಬಳ್ಳಿಯ ಬೈಪಾಸ್ ದಾಟುವುದು ಇದಕ್ಕಿಂತ ಅಪಾಯದ ಕೆಲಸ ಎಂದು ಅತ್ತೆಯವರಿಗೆ ಧೈರ್ಯವಾಗಿ ಹೇಳಬಹುದು.

ಹಳೆಯ ಕಾಲ ಹೀಗಿರಲಿಲ್ಲ. 1783ರ ಲಾಕಿ ಸ್ಫೋಟದ ವಿಷಗಾಳಿಗೆ ದನಕುರಿ ಸತ್ತು, ಬರ ಬಂದು, ದೇಶದ ಸುಮಾರು ಐದನೇ ಒಂದು ಪಾಲು ಜನ ತೀರಿಹೋದರು. ಇವತ್ತಿನ ಎಚ್ಚರಿಕೆ ವ್ಯವಸ್ಥೆಯ ಹಿಂದೆ ಇಂಥ ನೆನಪುಗಳಿವೆ. ನೆಲ ಸ್ವಲ್ಪ ಉಬ್ಬಿದರೂ ಹವಾಮಾನ ಕಚೇರಿಗೆ ಗೊತ್ತಾಗುತ್ತದೆ, ಆ ಪ್ರದೇಶದಲ್ಲಿರುವವರ ಮೊಬೈಲಿಗೆ ಸಂದೇಶ ಬರುತ್ತದೆ.

ಕತ್ತಲೆಯ ಮಾತು ಬೇರೆ. ಆರು ತಿಂಗಳು ಕತ್ತಲೆ ಎನ್ನುವುದು ಸುಳ್ಳು. ಡಿಸೆಂಬರ್ ಕೊನೆಯಲ್ಲಿ ರೇಕ್ಯಾವಿಕ್‌ನಲ್ಲಿ ಸೂರ್ಯ ಹುಟ್ಟುವುದು ಹನ್ನೊಂದು ಗಂಟೆ ದಾಟಿದ ಮೇಲೆ. ಮೂರೂವರೆಗೆ ಮುಳುಗುತ್ತಾನೆ. ಅಂದರೆ ನಾಲ್ಕು ಗಂಟೆ ಬೆಳಕು. ಜೂನ್‌ನಲ್ಲಿ ತದ್ವಿರುದ್ಧ. ಮಧ್ಯರಾತ್ರಿಗೂ ಬೆಳಕಿರುವುದರಿಂದ ಮಗುವನ್ನು ಮಲಗಿಸಲು ದಪ್ಪ ಕರ್ಟನ್ ಬೇಕು. ಚಳಿ ನೀವು ಅಂದುಕೊಂಡಷ್ಟು ಇಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ತಾಗುವುದರಿಂದ ಜನವರಿಯ ಸರಾಸರಿ ಸೊನ್ನೆ ಡಿಗ್ರಿಯ ಆಸುಪಾಸು. ಕಷ್ಟ ಕೊಡುವುದು ಗಾಳಿ. ಕಾರಿನ ಬಾಗಿಲನ್ನು ಹಿಡಿದೇ ತೆಗೆಯಬೇಕು, ಇಲ್ಲದಿದ್ದರೆ ಗಾಳಿ ಕಿತ್ತುಕೊಂಡು ಹೋಗುತ್ತದೆ. ಇನ್ನು ಮನಸ್ಸಿನ ವಿಷಯ. ಈ ಮಾತನ್ನು ಪ್ರವಾಸದ ವಿಡಿಯೋಗಳು ಹೇಳುವುದಿಲ್ಲ. ಖಿನ್ನತೆಯ ಮಾತ್ರೆಗಳ ಬಳಕೆಯಲ್ಲಿ ಶ್ರೀಮಂತ ದೇಶಗಳ ಪೈಕಿ ಐಸ್‌ಲ್ಯಾಂಡ್ ಮೊದಲ ಸಾಲಿನಲ್ಲಿದೆ. ಅಲ್ಲಿ ಔಷಧ ಸುಲಭಕ್ಕೆ ಸಿಗುತ್ತದೆ, ಅದಕ್ಕೆ ನಾಚಿಕೆ ಪಡುವವರೂ ಕಡಿಮೆ, ಹಾಗಾಗಿ ಬರೀ ಕತ್ತಲೆಯನ್ನೇ ದೂರುವಂತಿಲ್ಲ. ಆದರೂ ನಿಮ್ಮಲ್ಲಿ ಯಾರಿಗಾದರೂ ಹಿಂದೆ ಇಂಥ ತೊಂದರೆ ಇದ್ದಿದ್ದರೆ, ಹೊರಡುವ ಮುಂಚೆ ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಅಲ್ಲಿನವರು ವಿಟಮಿನ್ ಡಿಗಾಗಿ ಕಾಡ್ ಮೀನಿನ ಎಣ್ಣೆ ಕುಡಿಯುತ್ತಾರೆ. ಸಸ್ಯಾಹಾರಿಗಳಾದರೆ ಮಾತ್ರೆಯ ದಾರಿ ಇದೆ.

ಈಗ 2008. ನೀವು ಕಾಮರ್ಸ್‌ನವರು, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಐಸ್‌ಲ್ಯಾಂಡ್ ನೂರು ವರ್ಷದ ಹಿಂದೆ ಯುರೋಪಿನ ಬಡ ದೇಶಗಳಲ್ಲಿ ಒಂದು. ಕುರಿ, ಮೀನು, ಹುಲ್ಲು ಮಾಡಿನ ಮಣ್ಣಿನ ಮನೆ. ಡೆನ್ಮಾರ್ಕ್ ದೊರೆಯ ಕೈಕೆಳಗಿತ್ತು. ಗಣರಾಜ್ಯವಾದದ್ದು 1944ರ ಜೂನ್ 17ರಂದು. ಅದನ್ನು ಮೇಲೆತ್ತಿದ್ದು ಮೀನು. ತಮ್ಮ ಕಡಲಲ್ಲಿ ಬ್ರಿಟನ್ನಿನ ದೊಡ್ಡ ದೋಣಿಗಳು ಕಾಡ್ ಮೀನು ಬಾಚುವುದನ್ನು ತಡೆಯಲು ಅವರು ಗಡಿಯನ್ನು ಹಂತ ಹಂತವಾಗಿ ಹಿಗ್ಗಿಸಿದರು. ಬ್ರಿಟನ್ ಯುದ್ಧನೌಕೆ ಕಳಿಸಿತು. ಸೈನ್ಯವೇ ಇಲ್ಲದ ಐಸ್‌ಲ್ಯಾಂಡ್ ತನ್ನ ಕಾವಲು ದೋಣಿಗಳಿಂದ ಬ್ರಿಟಿಷರ ಬಲೆಗಳ ಹಗ್ಗ ಕತ್ತರಿಸಿತು. 1976ರಲ್ಲಿ 200 ಮೈಲಿ ಗಡಿಯನ್ನು ಬ್ರಿಟನ್ ಒಪ್ಪಲೇಬೇಕಾಯಿತು. ನ್ಯಾಟೋ ಬಿಟ್ಟು ಹೋಗುತ್ತೇವೆ ಎಂಬ ಬೆದರಿಕೆಯೂ ಆಗ ಕೆಲಸಕ್ಕೆ ಬಂದಿತ್ತು.

ಗಡಿ ಸಿಕ್ಕಿತು, ಆದರೆ ತಮ್ಮವರೇ ಬಾಚಿದರೆ? ಅದರ ಪಾಠ ಅವರಿಗೆ ಮೊದಲೇ ಆಗಿತ್ತು. 1960ರ ದಶಕದ ಕೊನೆಯಲ್ಲಿ ಹೆರಿಂಗ್ ಮೀನು ಮಾಯವಾಗಿ ಸಿಗ್ಲುಫ್ಯೋರ್ದುರ್‌ನಂಥ ಗಿಜಿಗುಡುವ ಬಂದರುಗಳು ಮಂಕಾದವು. ಎಷ್ಟೋ ಜನ ದೇಶ ಬಿಟ್ಟರು. ಅದಕ್ಕೇ 1984ರಿಂದ ಕೋಟಾ ಪದ್ಧತಿ ತಂದರು. ಪ್ರತಿ ವರ್ಷ ಎಷ್ಟು ಮೀನು ಹಿಡಿಯಬಹುದು ಎಂದು ವಿಜ್ಞಾನಿಗಳ ಸಲಹೆಯ ಮೇಲೆ ಗೊತ್ತು ಮಾಡಿ, ದೋಣಿಗಳಿಗೆ ಪಾಲು ಹಂಚುತ್ತಾರೆ. 1990ರ ಕಾನೂನು ಬಂದ ಮೇಲೆ ಆ ಪಾಲನ್ನು ಮಾರಬಹುದು, ಕೊಳ್ಳಬಹುದು. ಮೀನು ಉಳಿಯಿತು. ಆದರೆ ಪಾಲು ಕೆಲವೇ ದೊಡ್ಡ ಕಂಪನಿಗಳ ಕೈ ಸೇರಿತು, ಸಣ್ಣ ಊರುಗಳು ಬಡವಾದವು. ಕಡಲು ಎಲ್ಲರದು, ಲಾಭ ಮಾತ್ರ ಕೆಲವರದು ಎಂಬ ಜಗಳ ಇವತ್ತಿಗೂ ಅಲ್ಲಿನ ರಾಜಕೀಯದ ಬಿಸಿ ವಿಷಯ. ನಿಮ್ಮ ಯಜಮಾನರು ಆಫೀಸಿನ ಊಟದ ಮೇಜಿನಲ್ಲಿ ಇದರ ಬಗ್ಗೆ ಅಭಿಪ್ರಾಯ ಹೇಳದಿರುವುದು ವಾಸಿ!

ಅವರು ಮೀನನ್ನು ಬಳಸುವ ರೀತಿ ಮಾತ್ರ ಮೆಚ್ಚಬೇಕು. ತಲೆ ಒಣಗಿಸಿ ನೈಜೀರಿಯಾಕ್ಕೆ ಕಳಿಸುತ್ತಾರೆ. ಚರ್ಮದಿಂದ ಗಾಯಕ್ಕೆ ಹಾಕುವ ಪಟ್ಟಿ ಮಾಡುವ ಕಂಪನಿಯೊಂದು ಇಸಾಫ್ಯೋರ್ದುರ್ ಎಂಬ ಪುಟ್ಟ ಊರಲ್ಲಿ ಶುರುವಾಗಿ, 2023ರಲ್ಲಿ ನೂರು ಕೋಟಿ ಡಾಲರ್‌ಗೂ ಹೆಚ್ಚಿನ ಬೆಲೆಗೆ ಡೆನ್ಮಾರ್ಕ್‌ನ ಕಂಪನಿಗೆ ಮಾರಾಟವಾಯಿತು.

ಎರಡನೇ ಆಧಾರ ವಿದ್ಯುತ್. ನದಿ ಮತ್ತು ಭೂಮಿಯ ಬಿಸಿ ಎರಡೂ ಧಾರಾಳ. ಆದರೆ ಆ ವಿದ್ಯುತ್ತನ್ನು ತಂತಿಯಲ್ಲಿ ಯುರೋಪಿಗೆ ಮಾರುವಷ್ಟು ಹತ್ತಿರ ಯಾರೂ ಇಲ್ಲ. ಅದಕ್ಕೆ ಉಪಾಯ ಅಲ್ಯುಮಿನಿಯಂ. ದೂರದ ದೇಶಗಳಿಂದ ಹಡಗಿನಲ್ಲಿ ಅಲ್ಯುಮಿನಾ ಪುಡಿ ತರಿಸಿ, ಅಲ್ಲಿನ ಅಗ್ಗದ ವಿದ್ಯುತ್ತಿನಲ್ಲಿ ಕರಗಿಸಿ, ಲೋಹ ಮಾಡಿ ಕಳಿಸುತ್ತಾರೆ. ಮೂರೇ ಮೂರು ಕಾರ್ಖಾನೆಗಳು ದೇಶದ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಬಳಸುತ್ತವೆ. ಜನಸಾಮಾನ್ಯರಿಗೆ ಸಿಕ್ಕಿದ ಲಾಭ ಬಿಸಿನೀರು. ಹತ್ತರಲ್ಲಿ ಒಂಬತ್ತು ಮನೆಗಳು ಭೂಮಿಯೊಳಗಿನ ಬಿಸಿನೀರಿನಿಂದಲೇ ಬೆಚ್ಚಗಿರುತ್ತವೆ. ಉಳಿದ ಯುರೋಪಿನಲ್ಲಿ ಚಳಿಗಾಲದ ಬಿಲ್ ನೋಡಿ ಕಂಗಾಲಾಗುವಂತೆ ಅಲ್ಲಿ ಆಗುವುದಿಲ್ಲ. ಬಿಸಿನೀರಿನ ನಲ್ಲಿ ತಿರುಗಿಸಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಒಂದು ವಾರದಲ್ಲಿ ಮೂಗು ಒಗ್ಗಿಕೊಳ್ಳುತ್ತದೆ.

ಇಂಥ ದೇಶಕ್ಕೆ 2000ರ ನಂತರ ಬ್ಯಾಂಕಿಂಗ್ ಹುಚ್ಚು ಹಿಡಿಯಿತು. ಆಗಷ್ಟೇ ಖಾಸಗಿಯಾದ ಮೂರು ಬ್ಯಾಂಕುಗಳು ಹೊರದೇಶದ ಮಾರುಕಟ್ಟೆಯಲ್ಲಿ ಸಾಲ ಎತ್ತಿ ಎತ್ತಿ ಎಷ್ಟು ಬೆಳೆದವೆಂದರೆ, ಅವುಗಳ ಆಸ್ತಿ ದೇಶದ ವಾರ್ಷಿಕ ಉತ್ಪನ್ನದ ಸುಮಾರು ಹತ್ತು ಪಟ್ಟಾಯಿತು. 2008ರ ಅಕ್ಟೋಬರ್‌ನಲ್ಲಿ ಒಂದು ವಾರದ ಅವಧಿಯಲ್ಲಿ ಮೂರೂ ಬಿದ್ದವು. ಕ್ರೋನಾ ಬೆಲೆ ಯೂರೋ ಎದುರು ಸುಮಾರು ಅರ್ಧಕ್ಕಿಳಿಯಿತು. ಯೆನ್‌ನಲ್ಲೋ ಸ್ವಿಸ್ ಫ್ರಾಂಕ್‌ನಲ್ಲೋ ಕಾರಿನ ಸಾಲ ಮಾಡಿದ್ದವರ ಸಾಲ ದುಪ್ಪಟ್ಟಾಯಿತು. ಜನ ಪಾತ್ರೆ, ಸೌಟು ಹಿಡಿದು ಸಂಸತ್ತಿನ ಮುಂದೆ ಬಡಿದರು, ಜನವರಿಯಲ್ಲಿ ಸರ್ಕಾರ ಬಿತ್ತು.

ಇದರ ಬಗ್ಗೆ ಎರಡು ಕಥೆ ಓಡಾಡುತ್ತವೆ. ದೇಶ ಸಾಲ ತೀರಿಸಲ್ಲ ಎಂದು ಕೈಯೆತ್ತಿತು ಎನ್ನುವುದು ಒಂದು. ಬ್ಯಾಂಕಿನವರನ್ನೆಲ್ಲ ಜೈಲಿಗೆ ಹಾಕಿದರು ಎನ್ನುವುದು ಇನ್ನೊಂದು. ಎರಡೂ ಅರೆಸತ್ಯ. ಕೈಯೆತ್ತಿದ್ದು ಬ್ಯಾಂಕುಗಳು. ಅಷ್ಟು ದೊಡ್ಡ ಬ್ಯಾಂಕುಗಳನ್ನು ಉಳಿಸುವ ಶಕ್ತಿ ಸರ್ಕಾರಕ್ಕೆ ಇರಲೇ ಇಲ್ಲ. ದೇಶದೊಳಗಿನ ಠೇವಣಿಯನ್ನು ಕಾಪಾಡಿದರು, ಹೊರದೇಶದಿಂದ ಸಾಲ ಕೊಟ್ಟವರನ್ನು ಕಾಯಿಸಿದರು. ಐಎಂಎಫ್‌ನಿಂದ ಸಾಲ ಪಡೆದು ಅದನ್ನು ತೀರಿಸಿದರು. ಹಣ ದೇಶದಾಚೆ ಹೋಗದಂತೆ ಹಾಕಿದ ಕಟ್ಟು 2017ರವರೆಗೂ ಇತ್ತು. ಜೈಲಿಗೆ ಹೋದವರಲ್ಲಿ ದೊಡ್ಡ ಬ್ಯಾಂಕರ್‌ಗಳೂ ಇದ್ದರು ಅನ್ನುವುದು ನಿಜ. ಆದರೆ ಎಲ್ಲರೂ ಹೋಗಲಿಲ್ಲ. ಆಗಿನ ಪ್ರಧಾನಿ ಗೇರ್ ಹಾರ್ದೆ ವಿಚಾರಣೆ ಎದುರಿಸಿ ಒಂದು ಆರೋಪದಲ್ಲಿ ತಪ್ಪಿತಸ್ಥರಾದರು. ಶಿಕ್ಷೆ ಏನೂ ಆಗಲಿಲ್ಲ.

ಚೇತರಿಸಿಕೊಂಡದ್ದು ಹೇಗೆ? ಕ್ರೋನಾ ಅಗ್ಗವಾದದ್ದೇ ಅನುಕೂಲವಾಯಿತು. ಮೀನಿನ ರಫ್ತಿಗೆ ಲಾಭ ಬಂತು. ಬೂದಿ ಮೋಡದ ಸುದ್ದಿಯಿಂದ ದೇಶದ ಹೆಸರು ಪ್ರಪಂಚಕ್ಕೆ ಗೊತ್ತಾಯಿತು. 2010ರಲ್ಲಿ ಐದು ಲಕ್ಷಕ್ಕಿಂತ ಕಡಿಮೆ ಇದ್ದ ಪ್ರವಾಸಿಗರು 2018ಕ್ಕೆ 23 ಲಕ್ಷ ದಾಟಿದರು. ಪ್ರವಾಸೋದ್ಯಮ ಮೀನನ್ನೂ ಮೀರಿಸಿತು. ಆದರೆ ಇಲ್ಲೂ ಅದೇ ಸಣ್ಣ ದೇಶದ ಕಾಯಿಲೆ. ವಾವ್ ಏರ್ ಎಂಬ ಒಂದು ವಿಮಾನ ಕಂಪನಿ 2019ರಲ್ಲಿ ಮುಚ್ಚಿದ್ದಕ್ಕೆ ಇಡೀ ದೇಶದ ಲೆಕ್ಕಾಚಾರ ಅಲ್ಲಾಡಿತು. 2025ರ ಸೆಪ್ಟೆಂಬರ್‌ನಲ್ಲಿ ಪ್ಲೇ ಎಂಬ ಇನ್ನೊಂದು ಕಂಪನಿಯೂ ನಿಂತುಹೋಯಿತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. 2008ರಂಥ ಕುಸಿತ ಮತ್ತೆ ಅದೇ ರೂಪದಲ್ಲಿ ಬರುವ ಸಾಧ್ಯತೆ ಕಡಿಮೆ. ಈಗಿನ ಬ್ಯಾಂಕುಗಳು ಚಿಕ್ಕವು, ಹೆಚ್ಚಾಗಿ ದೇಶದೊಳಗೇ ವ್ಯವಹಾರ ಮಾಡುತ್ತವೆ. ಆದರೆ ಬೆಲೆ ಏರಿಕೆ ಮತ್ತು ಕ್ರೋನಾದ ಏರಿಳಿತ ಅಲ್ಲಿನ ಹಳೇ ಚಾಳಿ. 2023ರ ಆರಂಭದಲ್ಲಿ ಬೆಲೆ ಏರಿಕೆ ಶೇಕಡಾ 10 ಮುಟ್ಟಿತ್ತು. ಅದನ್ನು ಹಿಡಿಯಲು ಕೇಂದ್ರ ಬ್ಯಾಂಕ್ ಬಡ್ಡಿಯನ್ನು 9.25ಕ್ಕೆ ಏರಿಸಿತ್ತು. ನೀವು ಇಲ್ಲಿ ಮನೆ ಸಾಲ ಇಟ್ಟುಕೊಂಡು, ಅಲ್ಲಿಂದ ಕ್ರೋನಾ ಕಳಿಸಿ ಕಂತು ಕಟ್ಟುವ ಯೋಚನೆಯಲ್ಲಿದ್ದರೆ, ಕ್ರೋನಾ ಶೇಕಡಾ 20ರಷ್ಟು ಬಿದ್ದರೂ ತಾಳಿಕೊಳ್ಳುವಂತೆ ಲೆಕ್ಕ ಹಾಕಿ.

ಸಂಬಳದ ಲೆಕ್ಕವನ್ನೂ ಮಾಡಿಬಿಡೋಣ. ಒಂಬತ್ತೂವರೆ ಲಕ್ಷ ಕೇಳಲು ಚೆನ್ನಾಗಿದೆ. ಆದರೆ 2023ರಲ್ಲೇ ಅಲ್ಲಿನ ಪೂರ್ಣಾವಧಿ ನೌಕರರ ಸರಾಸರಿ ಒಂಬತ್ತು ಲಕ್ಷ ದಾಟಿತ್ತು. ಅಂದರೆ ಇದು ಸಾಧಾರಣ ಸಂಬಳ, ಸಾಫ್ಟ್‌ವೇರ್‌ಗೆ ದೊಡ್ಡದೇನಲ್ಲ. ಇದರಲ್ಲಿ ಶೇಕಡಾ 4 ಪಿಂಚಣಿ ನಿಧಿಗೆ ಹೋಗುತ್ತದೆ. ಅದಕ್ಕೆ ಕಂಪನಿ ತನ್ನ ಕಡೆಯಿಂದ 11.5 ಸೇರಿಸುತ್ತದೆ. ಆದಾಯ ತೆರಿಗೆ ಮೂರು ಹಂತ, ಸುಮಾರು 31ರಿಂದ 46ರವರೆಗೆ. ಪ್ರತಿಯೊಬ್ಬರಿಗೂ ತಿಂಗಳಿಗೆ ಒಂದಿಷ್ಟು ತೆರಿಗೆ ವಿನಾಯಿತಿ ಇದೆ. ಎಲ್ಲ ಕಳೆದು ಕೈಗೆ ಸುಮಾರು ಆರೂವರೆ ಲಕ್ಷ ಕ್ರೋನಾ ಬರಬಹುದು. ಎರಡು ಬೆಡ್‌ರೂಮಿನ ಬಾಡಿಗೆ ಮನೆ ರೇಕ್ಯಾವಿಕ್‌ನಲ್ಲಿ ಮೂರು ಲಕ್ಷದ ಆಸುಪಾಸು. ಅಲ್ಲಿಗೆ ಅರ್ಧ ಹೋಯಿತು. ಮುಂಗಡ ಠೇವಣಿ ಬೇರೆ. ಉಳಿದದ್ದರಲ್ಲಿ ಊಟ, ಬಸ್ಸು, ಬಟ್ಟೆ. ಬೆಲೆಗಳು ಯುರೋಪಿಯನ್ ಒಕ್ಕೂಟದ ಸರಾಸರಿಯ ಸುಮಾರು ಒಂದೂವರೆ ಪಟ್ಟು. ಟೊಮ್ಯಾಟೊ, ಸೌತೆಕಾಯಿಯನ್ನು ಬಿಸಿನೀರಿನ ಗಾಜಿನ ಮನೆಗಳಲ್ಲಿ ಅಲ್ಲೇ ಬೆಳೆಯುತ್ತಾರೆ. ಬೇಳೆ, ಅಕ್ಕಿ, ಮಸಾಲೆ ಹಡಗಿನಲ್ಲಿ ಬರಬೇಕು, ಸಿಗುತ್ತವೆ. ಹೋಟೆಲ್ ಊಟವನ್ನು ಮಾತ್ರ ಹಬ್ಬಕ್ಕೆ ಇಟ್ಟುಕೊಳ್ಳಿ. ಒಂದೇ ಸಂಬಳದಲ್ಲಿ ಮೂವರು ನೆಮ್ಮದಿಯಾಗಿ ಬದುಕಬಹುದು, ಆದರೆ ಉಳಿತಾಯದ ಕನಸು ಬೇಡ. ಎರಡು ಸಂಬಳ ಬಂದರೆ ಚಿತ್ರವೇ ಬೇರೆ. ಅಲ್ಲಿನ ಬಹುತೇಕ ಕುಟುಂಬಗಳು ನಡೆಯುವುದೂ ಹಾಗೇ.

ಆಫರ್ ಸ್ವಲ್ಪ ಏರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಲ್ಲಿ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ ಇಲ್ಲ. ಕಾರ್ಮಿಕ ಸಂಘಗಳು ಮತ್ತು ಮಾಲೀಕರು ಕೂತು ಮಾಡಿದ ಒಪ್ಪಂದವೇ ಕನಿಷ್ಠ. ಹತ್ತರಲ್ಲಿ ಸುಮಾರು ಒಂಬತ್ತು ನೌಕರರು ಸಂಘದ ಸದಸ್ಯರು. ನಿಮ್ಮ ಯಜಮಾನರ ಕೆಲಸಕ್ಕೆ ಯಾವ ಸಂಘ ಎಂದು ಕಂಪನಿಯನ್ನೇ ಕೇಳಿ, ಆ ಸಂಘದ ವೇತನ ಸಮೀಕ್ಷೆಯ ಜೊತೆ ಹೋಲಿಸಿ ನೋಡಿ.

ವಾರಕ್ಕೆ ನಾಲ್ಕು ದಿನ ಕೆಲಸ ಎಂಬ ಸುದ್ದಿ ಹೇಗೆ ಹುಟ್ಟಿತು ಗೊತ್ತೇ? 2015ರಿಂದ 2019ರವರೆಗೆ ಸುಮಾರು 2,500 ಸರ್ಕಾರಿ, ನಗರಸಭೆ ನೌಕರರ ಮೇಲೆ ಒಂದು ಪ್ರಯೋಗ ನಡೆಯಿತು. ವಾರಕ್ಕೆ 40 ಗಂಟೆ ಇದ್ದದ್ದನ್ನು 35–36ಕ್ಕೆ ಇಳಿಸಿದರು, ಸಂಬಳ ಕಡಿಮೆ ಮಾಡಲಿಲ್ಲ. ಅದು ಯಶಸ್ವಿಯಾಗಿ ಹೊಸ ಒಪ್ಪಂದಗಳಲ್ಲೂ ಸೇರಿತು. ಪ್ರಪಂಚದ ಪತ್ರಿಕೆಗಳು ಅದನ್ನು "ನಾಲ್ಕು ದಿನ" ಮಾಡಿದವು. ನಿಮ್ಮ ಯಜಮಾನರು ಐದು ದಿನವೇ ಹೋಗಬೇಕು. ಶುಕ್ರವಾರ ಬೇಗ ಮನೆಗೆ ಬರಬಹುದು.

"ಎಲ್ಲ ಫ್ರೀ" ಕೂಡ ಹೀಗೇ. ಆರರಿಂದ ಹದಿನಾರರವರೆಗಿನ ಶಾಲೆ ನಿಜಕ್ಕೂ ಉಚಿತ, ಚೆನ್ನಾಗಿಯೂ ಇದೆ. ಮಗಳು ಹೋದ ಮೊದಲ ವರ್ಷ ಶಿಶುವಿಹಾರಕ್ಕೆ ಹೋಗಬೇಕಾಗಬಹುದು. ಅದಕ್ಕೆ ನಗರಸಭೆಯ ಸಬ್ಸಿಡಿ ಇದೆ, ಜೊತೆಗೆ ಕಾಯುವ ಪಟ್ಟಿಯೂ ಇದೆ. ಆಸ್ಪತ್ರೆಯಲ್ಲಿ ಸಣ್ಣ ಶುಲ್ಕ ಇರುತ್ತದೆ, ದೊಡ್ಡವರ ಹಲ್ಲಿನ ಖರ್ಚು ಸ್ವಂತದ್ದು. ಮುಖ್ಯವಾದದ್ದು, ಯುರೋಪಿನ ಹೊರಗಿನಿಂದ ಬಂದವರಿಗೆ ಸರ್ಕಾರಿ ಆರೋಗ್ಯ ವಿಮೆ ಸಿಗುವುದು ವಿಳಾಸ ನೋಂದಾಯಿಸಿ ಆರು ತಿಂಗಳಾದ ಮೇಲೆ. ಅಲ್ಲಿಯವರೆಗೆ ಖಾಸಗಿ ವಿಮೆ ಕಡ್ಡಾಯ. ಮೂವರ ವಿಮೆಯ ಹಣ ಯಾರು ಕೊಡುತ್ತಾರೆ ಎಂದು ಈಗಲೇ ಕೇಳಿ.

ಜನ ಹೇಗೆ? ಮೊದಲಿಗೆ ತಣ್ಣಗೆ ಅನಿಸುತ್ತಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಊರು ಯಾವುದು, ಮಕ್ಕಳೆಷ್ಟು ಅಂತ ಕೇಳುವುದಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು ಅದು. ಶಾಲೆಯ ಗೆಳೆಯರೇ ಕೊನೆತನಕ ಗೆಳೆಯರು. ಆ ಗುಂಪಿನೊಳಗೆ ಹೊಸಬರು ಹೋಗುವುದು ನಿಧಾನ. ಕೆಲಸಗಳೂ ಎಷ್ಟೋ ಸಲ ಪರಿಚಯದ ಮೇಲೇ ತುಂಬಿಹೋಗುತ್ತವೆ. ಇದನ್ನು ಜನಾಂಗ ದ್ವೇಷ ಎಂದು ತಿಳಿಯಬೇಡಿ. ಪಕ್ಕದ ಊರಿಂದ ಬಂದವರಿಗೂ ಅಷ್ಟೇ. ಈಗ ಅಲ್ಲಿನ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಹೊರದೇಶದಿಂದ ಬಂದವರು. ಪೋಲೆಂಡ್‌ನವರದು ದೊಡ್ಡ ಗುಂಪು. ಭಾರತೀಯರು ಕಡಿಮೆ, ಆದರೆ ಇದ್ದಾರೆ. ರೇಕ್ಯಾವಿಕ್‌ನಲ್ಲಿ ನಮ್ಮ ರಾಯಭಾರ ಕಚೇರಿಯೂ ಇದೆ.

ಜನರ ಜೊತೆ ಬೆರೆಯಲು ಒಳ್ಳೆಯ ಜಾಗ ಈಜುಕೊಳ. ಪ್ರತಿ ಬಡಾವಣೆಯಲ್ಲೂ ಒಂದು ಇರುತ್ತದೆ. ಹೊರಗೆ ಹಿಮ ಬೀಳುತ್ತಿದ್ದರೂ 38–40 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಕೂತು ಮಂತ್ರಿಯೂ ಮೀನುಗಾರನೂ ಹರಟೆ ಹೊಡೆಯುತ್ತಾರೆ. ನಮ್ಮೂರ ಹಳ್ಳಿಕಟ್ಟೆಯ ಕೆಲಸವನ್ನು ಅಲ್ಲಿ ಈ ತೊಟ್ಟಿ ಮಾಡುತ್ತದೆ. ಒಂದು ನಿಯಮ ಮೊದಲೇ ಗೊತ್ತಿರಲಿ. ನೀರಿಗಿಳಿಯುವ ಮುನ್ನ ಹೆಂಗಸರ ಮತ್ತು ಗಂಡಸರ ಪ್ರತ್ಯೇಕ ಕೋಣೆಯಲ್ಲಿ ಬಟ್ಟೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡಬೇಕು. ನಮ್ಮವರಿಗೆ ಮೊದಲ ಸಲ ಬಹಳ ಮುಜುಗರ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಕೆಲವು ಕೊಳಗಳಲ್ಲಿ ಬಾಗಿಲಿರುವ ಸ್ನಾನದ ಕೋಣೆಯೂ ಇರುತ್ತದೆ, ಕೇಳಿ.

ಹೆಸರಿನ ವಿಷಯದಲ್ಲಿ ಅವರು ನಮಗೆ ಹತ್ತಿರ. ಅಲ್ಲಿ ಬಹುತೇಕರಿಗೆ ಮನೆತನದ ಹೆಸರಿಲ್ಲ. ಅಪ್ಪನ ಹೆಸರಿಗೋ ಅಮ್ಮನ ಹೆಸರಿಗೋ ಮಗ, ಮಗಳು ಎಂದು ಸೇರಿಸುತ್ತಾರೆ. ನಮ್ಮಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಇರುತ್ತದಲ್ಲ, ಹಾಗೆ. ಒಂದೇ ಮನೆಯ ನಾಲ್ವರಿಗೆ ನಾಲ್ಕು ಥರದ ಕೊನೆಯ ಹೆಸರಿದ್ದರೂ ಯಾರೂ ಹುಬ್ಬೇರಿಸುವುದಿಲ್ಲ. ಅಧ್ಯಕ್ಷರನ್ನೂ ಡಾಕ್ಟರನ್ನೂ ಮೊದಲ ಹೆಸರಿಂದಲೇ ಕರೆಯುತ್ತಾರೆ. ನಿಮ್ಮ ಮಗಳು ಟೀಚರನ್ನು ಹೆಸರು ಹಿಡಿದು ಕೂಗಿದರೆ ಅದು ಅಲ್ಲಿ ಒರಟುತನವಲ್ಲ.

ಹೆಂಗಸರ ಸ್ಥಾನಮಾನದಲ್ಲಿ ಐಸ್‌ಲ್ಯಾಂಡ್ ಮುಂದಿದೆ ಎಂದು ನೀವು ಓದಿರಬಹುದು, ಅದು ಹೆಚ್ಚುಕಡಿಮೆ ನಿಜ. 1975ರ ಅಕ್ಟೋಬರ್ 24ರಂದು ಅಲ್ಲಿನ ನೂರಕ್ಕೆ ತೊಂಬತ್ತು ಹೆಂಗಸರು ಆಫೀಸು, ಅಡುಗೆ, ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲ ಬಿಟ್ಟು ಬೀದಿಗಿಳಿದರು. ದೇಶ ನಿಂತುಹೋಯಿತು. ಐದು ವರ್ಷಕ್ಕೆ ವಿಗ್ದಿಸ್ ಫಿನ್‌ಬೊಗಾದೊತ್ತಿರ್ ಅಧ್ಯಕ್ಷೆಯಾದರು. ಈಗ ಮಗು ಹುಟ್ಟಿದರೆ ತಾಯಿಗೆ ಆರು, ತಂದೆಗೆ ಆರು ತಿಂಗಳ ರಜೆ. ಅದರಲ್ಲಿ ಆರು ವಾರ ಮಾತ್ರ ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಹಾಗಾಗಿ ಅಪ್ಪಂದಿರು ತಳ್ಳುಗಾಡಿ ತಳ್ಳುವುದು ಅಲ್ಲಿ ಮಾಮೂಲಿ ದೃಶ್ಯ. ಇಷ್ಟಿದ್ದೂ 2023ರಲ್ಲಿ ಸಂಬಳದ ಅಂತರದ ವಿರುದ್ಧ ಹೆಂಗಸರು ಮತ್ತೆ ಒಂದು ದಿನ ಕೆಲಸ ಬಿಟ್ಟರು. ಆಗಿನ ಪ್ರಧಾನಿ ಕತ್ರಿನ್ ಯಾಕೊಬ್ಸ್‌ದೊತ್ತಿರ್ ಕೂಡ ಆಫೀಸಿಗೆ ಹೋಗಲಿಲ್ಲ.

ಇನ್ನು ನಿಮ್ಮ ಕೆಲಸ. ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ. ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಗ್ಲಿಷ್ ಸಾಕು, ಅಂಗಡಿಯಲ್ಲೂ ಸಾಕು. ಕಾಲೇಜಿನಲ್ಲಿ ಪಾಠ ಮಾಡಲು, ಸರ್ಕಾರಿ ಕಚೇರಿಯಲ್ಲಿ, ಅಲ್ಲಿನ ತೆರಿಗೆ ಲೆಕ್ಕ ಬರೆಯಲು ಐಸ್‌ಲ್ಯಾಂಡಿಕ್ ಬೇಕೇ ಬೇಕು. ಅದು ಕಷ್ಟದ ಭಾಷೆ. ಒಂದೇ ಪದಕ್ಕೆ ಹಲವು ವಿಭಕ್ತಿ ರೂಪ. ವಿಭಕ್ತಿ ಕಲಿತು ಬೆಳೆದ ಕನ್ನಡದವರಿಗೆ ಇಂಗ್ಲಿಷಿನವರಷ್ಟು ಗಾಬರಿ ಆಗಲಿಕ್ಕಿಲ್ಲ, ಆದರೂ ಕೆಲಸಕ್ಕೆ ಬರುವ ಮಟ್ಟಕ್ಕೆ ಎರಡು ಮೂರು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ನಿಮ್ಮಂಥವರಿಗೆ ಸಾಮಾನ್ಯವಾಗಿ ಸಿಗುವುದು ಶಿಶುವಿಹಾರದಲ್ಲಿ ಸಹಾಯಕಿ, ಹೋಟೆಲ್, ಪ್ರವಾಸಿ ಕಂಪನಿಯ ಆಫೀಸು. ವಿದೇಶಿ ವ್ಯವಹಾರ ಇರುವ ಕಂಪನಿಗಳಲ್ಲಿ ಲೆಕ್ಕಪತ್ರದ ಕೆಲಸ ಇಂಗ್ಲಿಷಿನಲ್ಲೇ ಸಿಗುವುದೂ ಉಂಟು, ಜಾಗ ಕಡಿಮೆ. ಶಿಶುವಿಹಾರದ ಕೆಲಸವನ್ನು ಕೀಳೆಂದು ನೋಡಬೇಡಿ. ಭಾಷೆ ಬೇಗ ಬರುವುದು ಅಲ್ಲೇ. ಕೆಲಸ ಸಿಕ್ಕ ಮೇಲೆ ಭಾಷಾ ತರಗತಿಯ ಶುಲ್ಕದ ಒಂದು ಭಾಗವನ್ನು ಕಾರ್ಮಿಕ ಸಂಘವೇ ವಾಪಸ್ ಕೊಡುತ್ತದೆ. ಮಗಳ ವಿಷಯದಲ್ಲಿ ಚಿಂತೆ ಬೇಡ. ಒಂದು ವರ್ಷದಲ್ಲಿ ಅವಳೇ ನಿಮ್ಮ ಉಚ್ಚಾರ ತಿದ್ದುತ್ತಾಳೆ.

ಪರವಾನಗಿಯ ಬಗ್ಗೆ ಎಚ್ಚರ ಇರಲಿ. ಐಸ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಆದರೆ 1994ರಿಂದ ಅದರ ಆರ್ಥಿಕ ವಲಯದಲ್ಲಿದೆ. ಪೋಲೆಂಡ್‌ನವರು ಪರವಾನಗಿ ಇಲ್ಲದೆ ಬಂದು ಕೆಲಸ ಮಾಡಬಹುದು. ನಾವು ಮಾಡುವಂತಿಲ್ಲ. ಭಾರತ ಮತ್ತು ಎಫ್ಟಾ ದೇಶಗಳ (ಐಸ್‌ಲ್ಯಾಂಡ್, ನಾರ್ವೆ, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್) ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ, ಇನ್ನು ವೀಸಾನೇ ಬೇಡವಂತೆ ಎಂದು ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಅದು ಮುಖ್ಯವಾಗಿ ಸರಕು, ಸೇವೆ, ಬಂಡವಾಳದ ಒಪ್ಪಂದ. ಅಲ್ಲಿ ಕೂತು ಹೊರದೇಶದ ಕಂಪನಿಗೆ ಕೆಲಸ ಮಾಡುವವರ ವೀಸಾ ಕೂಡ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಡದ ದೇಶಗಳವರಿಗೆ ಮಾತ್ರ. ಭಾರತದ ಪಾಸ್‌ಪೋರ್ಟಿಗೆ ಅದು ಸಿಗುವುದಿಲ್ಲ.

ನಿಮ್ಮ ಯಜಮಾನರಿಗೆ ಬೇಕಾದದ್ದು ಪರಿಣತರ ವರ್ಗದ ಪರವಾನಗಿ. ಕೆಲಸದವರ ಕೊರತೆ ನೀಗಿಸಲು ಕೊಡುವ ತಾತ್ಕಾಲಿಕ ಪರವಾನಗಿ ಬೇರೆಯದು. ಅದರ ಮೇಲೆ ಕುಟುಂಬ ಕರೆತರುವುದೂ ಕಾಯಂ ವಾಸ ಪಡೆಯುವುದೂ ಆಗುವುದಿಲ್ಲ. ಕಂಪನಿ ಯಾವುದಕ್ಕೆ ಅರ್ಜಿ ಹಾಕುತ್ತಿದೆ ಎಂದು ಬರಹದಲ್ಲಿ ತರಿಸಿಕೊಳ್ಳಿ. ನಿಮಗೆ ಬರುವ ಕುಟುಂಬದ ಪರವಾನಗಿಯಲ್ಲಿ ನೀವು ಕೆಲಸ ಮಾಡಲು ಏನು ಬೇಕು ಎನ್ನುವುದನ್ನೂ ವಲಸೆ ಕಚೇರಿಗೆ ಇಮೇಲ್ ಮಾಡಿ ಕೇಳಿ, ಈ ನಿಯಮಗಳು ಆಗಾಗ ಬದಲಾಗುತ್ತವೆ. ಪರವಾನಗಿ ಆ ಒಂದು ಕಂಪನಿಗೆ ಕಟ್ಟಿರುತ್ತದೆ. ಕೆಲಸ ಹೋದರೆ ಹೊಸ ಕಂಪನಿ, ಹೊಸ ಅರ್ಜಿ. ಹಾಗಾಗಿ ಆರು ತಿಂಗಳ ಖರ್ಚಿನ ಹಣ ಪಕ್ಕಕ್ಕಿಟ್ಟೇ ಹೊರಡಿ. ಎಲ್ಲ ಸರಿಯಾಗಿ ನಡೆದರೆ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಕಾಯಂ ವಾಸ, ಏಳು ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಪೌರತ್ವಕ್ಕೆ ಭಾಷಾ ಪರೀಕ್ಷೆ ಇದೆ.

ಇಷ್ಟು ಹೇಳಿದ ಮೇಲೆ ಏಜೆಂಟ್ ಕಥೆ ನಿಮಗೇ ಅರ್ಥವಾಗಿರಬಹುದು. ಮೀನು ಫ್ಯಾಕ್ಟರಿಗೆ ಪೋಲೆಂಡ್, ಲಿಥುವೇನಿಯಾದಿಂದ ಕೆಲಸಗಾರರು ಪರವಾನಗಿ ಇಲ್ಲದೆ ಬರುತ್ತಾರೆ. ಅಲ್ಲಿ ಯಾರೂ ಸಿಗಲಿಲ್ಲ ಎಂದು ತೋರಿಸಿದ ಮೇಲೆಯೇ ಕಂಪನಿ ಹೊರಗಿನವರನ್ನು ತರಬಹುದು. ಹಾಗಿರುವಾಗ ಹುಬ್ಬಳ್ಳಿಯ ಒಬ್ಬ ಹುಡುಗನಿಗಾಗಿ ಅವರು ಯಾಕೆ ತಿಂಗಳುಗಟ್ಟಲೆ ಕಾಯುತ್ತಾರೆ? ಮೈದುನನನ್ನು ಟೂರಿಸ್ಟ್ ವೀಸಾದಲ್ಲಿ ಕಳಿಸಿ "ಅಲ್ಲಿ ಹೋದ ಮೇಲೆ ಮಾಡಿಸೋಣ" ಎನ್ನುತ್ತಾರೆ. ಮೊದಲ ಪರವಾನಗಿ ಬರುವ ಮುಂಚೆ ಹಾಗೆ ಹೋಗಿ ದುಡಿದರೆ ಗಡೀಪಾರು, ಮೇಲೆ ಷೆಂಗೆನ್ ದೇಶಗಳಿಗೆಲ್ಲ ನಿಷೇಧ. ಈ ದೇಶದ ಹೆಸರಲ್ಲಿ ಸುಳ್ಳು ಹಬ್ಬುವುದು ಹೊಸದಲ್ಲ. ಗಂಡಸರ ಕೊರತೆ ಇದೆ, ಅಲ್ಲಿನ ಹುಡುಗಿಯನ್ನು ಮದುವೆಯಾದರೆ ಸರ್ಕಾರ ತಿಂಗಳಿಗೆ 5,000 ಡಾಲರ್ ಕೊಡುತ್ತದೆ ಎಂದು 2016ರಲ್ಲಿ ಒಂದು ಸುದ್ದಿ ಆಫ್ರಿಕಾದಲ್ಲೆಲ್ಲ ಓಡಿತು. ಐಸ್‌ಲ್ಯಾಂಡ್ ಅಧಿಕೃತವಾಗಿಯೇ ಅಲ್ಲಗಳೆಯಬೇಕಾಯಿತು. ಅಸಲಿಗೆ ಅಲ್ಲಿ ಗಂಡಸರೇ ಜಾಸ್ತಿ.

ನಿಮ್ಮ ಮುಂದೆ ನನಗೆ ಕಾಣುವ ದಾರಿ ಮೂರು. ಮೂವರೂ ಒಟ್ಟಿಗೆ ಹೋಗುವುದು ಮನಸ್ಸಿಗೆ ಹಿತ, ದುಡ್ಡಿಗೆ ಬಿಗಿ. ನಿಮ್ಮ ಕೆಲಸವೂ ಆ ದಿನವೇ ಹೋಗುತ್ತದೆ. ಆಫರ್ ಬಿಟ್ಟು ಇಲ್ಲೇ ಇರುವುದೂ ಹೇಡಿತನವೇನಲ್ಲ, ಒಂದೇ ಸಂಬಳದಲ್ಲಿ ಉಳಿತಾಯ ಮಾಡುವುದೇ ಗುರಿಯಾಗಿದ್ದರೆ ಅದೇ ಸರಿ. ನಾನು ಹೆಚ್ಚಾಗಿ ಸೂಚಿಸುವುದು ನಡುವಿನ ದಾರಿ. ಯಜಮಾನರು ಮೊದಲು ಹೋಗಿ ಮನೆ ಹುಡುಕಲಿ, ಪ್ರೊಬೇಷನ್ ಮುಗಿಯಲಿ. ನೀವು ಮತ್ತು ಮಗಳು ಬೇಸಿಗೆಯ ಬೆಳಕಿನಲ್ಲಿ ಹೋಗಿ ಸೇರಿಕೊಳ್ಳಿ, ಆಗ ಮೊದಲ ಚಳಿಗಾಲದ ಹೊತ್ತಿಗೆ ನಾಲ್ಕು ಜನರ ಪರಿಚಯವಾದರೂ ಆಗಿರುತ್ತದೆ. ಇದರಲ್ಲಿ ಕೆಲವು ತಿಂಗಳು ಎರಡು ಮನೆ ಖರ್ಚು, ಮಗಳಿಗೆ ಅಪ್ಪ ದೂರ. ಅದನ್ನು ತಾಳಬಹುದಾ ಎಂದು ನೀವೇ ಕೂತು ಮಾತಾಡಿಕೊಳ್ಳಬೇಕು. ನಿಮ್ಮ ಕಾಲೇಜಿನಲ್ಲಿ ಒಂದು ವರ್ಷ ಸಂಬಳವಿಲ್ಲದ ರಜೆ ಸಿಗುತ್ತದಾ ಎಂದು ಪ್ರಿನ್ಸಿಪಾಲರನ್ನು ಈ ವಾರವೇ ಕೇಳಿ. ರಾಜೀನಾಮೆ ಪತ್ರ ಬರೆಯಬೇಕಾಗಿ ಬಂದರೂ, ಮೂವರ ಪರವಾನಗಿ ಕೈಗೆ ಬರುವ ಮುಂಚೆ ಕೊಡಬೇಡಿ.